ಗಾಜಿನ ತಂತಿ ಹತ್ತಡಿ ದೂರದಲ್ಲಿ

ಮುಂಗಾರು ಬಂದೂ ಬಾರದ ಹಾಗೆ ಆಡುತ್ತಿದ್ದ ಜೂನ್ ತಿಂಗಳ ಒಂದು ಭಾನುವಾರ, ಬೆಳಗಿನ ತಿಂಡಿಯ ಹೊತ್ತಿಗೆ ಶುರುವಾದ ಸಂಗತಿ ಇದು. 2006ನೆಯ ಇಸವಿ. ಆರ್‌ಪಿಸಿ ಲೇಔಟಿನ ಪಂಕಜಾ ಕೊನೆಯ ಪಾಠ ಓದಿ ಮುಗಿಸಿ, ಮೈಕು ತೆಗೆದಿಟ್ಟು, ಗೇಟಿನ ಹತ್ತಿರ ಬಂದು ನಿಂತಳು. ಬೀದಿಯಲ್ಲಿ ಅಗೆತದ ಸದ್ದೇ ಇರಲಿಲ್ಲ.

ಪಾಠಗಳು ಶಿಲ್ಪಾಳಿಗೆ. ಶಿಲ್ಪಾ ಅಂದರೆ ಹಿಂದೆ ಪಂಕಜಾಳ ಹಿತ್ತಲ ಮನೆಯಲ್ಲಿ ಬಾಡಿಗೆಗಿದ್ದ ಶಿವಬಸಪ್ಪನ ಮಗಳು. ಹುಟ್ಟಿನಿಂದ ಕಣ್ಣು ಕಾಣದು. ಈಗ ಧಾರವಾಡದ ಹಾಸ್ಟೆಲಿನಲ್ಲಿದ್ದು ಬಿ.ಎ. ಓದುತ್ತಿದ್ದಳು. ಇತಿಹಾಸದಲ್ಲಿ ಒಮ್ಮೆ ಫೇಲಾಗಿ, ಸೋಮವಾರ ಬೆಳಿಗ್ಗೆ ಮತ್ತೆ ಅದೇ ಪರೀಕ್ಷೆಗೆ ಕೂರಬೇಕಿತ್ತು. ಈ ಸಲವೂ ಹೋದರೆ ಓದು ಬಿಡಿಸಿ ಮನೆಗೆ ಕರೆತರುತ್ತೇನೆಂದು ಶಿವಬಸಪ್ಪ ಹೇಳಿಬಿಟ್ಟಿದ್ದ. ಆ ಪುಸ್ತಕ ಬ್ರೈಲಿನಲ್ಲಿ ಸಿಗುತ್ತಿರಲಿಲ್ಲ. ಅದಕ್ಕೇ ಪಂಕಜಾ ವಾರವೆಲ್ಲ ಕೂತು ಕಂಪ್ಯೂಟರಿಗೆ ಓದಿ, ಮೂರು ಗಂಟೆಯಷ್ಟು ದನಿ ತುಂಬಿಸಿದ್ದಳು. ಇಂಟರ್ನೆಟ್ಟಿನಲ್ಲಿ ಕಳಿಸಿದರೆ ಶಿಲ್ಪಾ ಹಾಸ್ಟೆಲಿನ ಕಂಪ್ಯೂಟರ್ ಕೋಣೆಯಲ್ಲಿ ಕೂತು ಕೇಳಬೇಕು. ಆ ಕೋಣೆಗೆ ಸಂಜೆ ಏಳಕ್ಕೆ ಬೀಗ.

ಪಂಕಜಾಳ ಮನೆಯಲ್ಲಿದ್ದದ್ದು ಫೋನಿನ ತಂತಿಯಲ್ಲೇ ಕಿರ್ರೆಂದು ಕೂಗಿ ಹತ್ತುವ ಡಯಲ್-ಅಪ್. ಆದರೆ ಬೀದಿಗೆ ಫೈಬರ್ ಬರುತ್ತಿತ್ತು, ಕೂದಲಿನಂಥ ಗಾಜಿನ ತಂತಿ. ಭಾನುವಾರ ಮನೆಯೊಳಗೆ ತಂದುಕೊಡುತ್ತೇವೆಂದು ಕಂಪನಿಯ ಅರುಣ್ ಕುಮಾರ್ ಹೇಳಿದ್ದ. ಪಾಠವೆಲ್ಲ ಒಂದು ಲೋಟ ಕಾಫಿ ಕುಡಿಯುವಷ್ಟರಲ್ಲಿ ಹೋಗುತ್ತೆ ಎಂದಿದ್ದ.

ಬೀದಿ ಮೂಲೆಯ ಫೈಬರ್ ಪೆಟ್ಟಿಗೆಯವರೆಗೂ ಕಾಲುವೆ ತೋಡಿ ಆಗಿತ್ತು. ಅಲ್ಲಿಂದ ಗೇಟಿಗೆ ಹತ್ತಡಿ. ಅಗೆಯುವವರ ಮೇಸ್ತ್ರಿ, ಲಿಂಗಸುಗೂರಿನ ಕಡೆಯ ಅಮೀನಪ್ಪ, ಒಗೆದ ಅಂಗಿ ತೊಟ್ಟು ಫುಟ್‌ಪಾತಿನಲ್ಲಿ ಕೂತಿದ್ದ. ಅವನ ಹೆಂಡತಿ ಗುರವ್ವ ಕಾಲುವೆಯ ಮಣ್ಣನ್ನೇ ಕಲಸಿ ಎತ್ತು ಮಾಡುತ್ತಿದ್ದಳು.

“ಯಾಕಪ್ಪಾ, ಕೆಲಸ ಇಲ್ವಾ ಇವತ್ತು?”

“ಇಲ್ರೀ ಅಕ್ಕಾರ. ಮಣ್ಣೆತ್ತಿನ ಅಮಾಸಿ. ಇವತ್ತ ಮಣ್ಣಿಗೆ ಕಬ್ಬಿಣ ಮುಟ್ಟಸಂಗಿಲ್ರೀ” ಎಂದ ಅಮೀನಪ್ಪ.

“ಹತ್ತೇ ಅಡಿ ಕಣಪ್ಪಾ! ನಾಳೆ ಒಂದು ಹುಡುಗಿಗೆ ಪರೀಕ್ಷೆ ಇದೆ.”

ಗುರವ್ವ ಎತ್ತಿನ ಕೊಂಬು ತಿದ್ದುತ್ತಲೇ ಅಂದಳು: “ದೀಪಾ ಹಚ್ಚಿದ ಮ್ಯಾಲೆ ನಿಮ್ಮನ್ಯಾಗ ಕಸಾ ಹೊಡೀತೀರೇನ್ರೀ ಅಕ್ಕಾರ? ಇದೂ ಹಂಗ. ನಾಳಿ ಹೊತ್ತ ಹುಟ್ಟೂದ್ರಾಗ ಅಗದ ಕೊಡ್ತೀವಿ.”

ದೀಪ ಹಚ್ಚಿದ ಮೇಲೆ ಪಂಕಜಾ ಪೊರಕೆ ಮುಟ್ಟಿದವಳೇ ಅಲ್ಲ.

ಒಳಗೆ ಬಂದರೆ ಗಂಡ ಚನ್ನಕೇಶವ ಪೇಪರಿನ ಮರೆಯಿಂದಲೇ, “ನಾನೇ ಗುದ್ದಲಿ ಹಿಡೀಲಾ?” ಅಂದ.

“ನೀವು ಅಗೆದ್ರೆ ನೀರಿನ ಪೈಪೂ ಹೋಗುತ್ತೆ. ಸುಮ್ನಿರಿ.”

ಆದರೂ ಅವಳಿಗೆ ಒಂದು ಧೈರ್ಯವಿತ್ತು. ಫೈಲು ಎಂಬತ್ತಾರು ಸಾವಿರ ಕೆ. ಡಯಲ್-ಅಪ್ಪು ಸೆಕೆಂಡಿಗೆ ಐವತ್ತಾರು ಕೆ. ಭಾಗಿಸಿ ನೋಡಿದರೆ ಅರ್ಧ ಗಂಟೆಯೂ ಇಲ್ಲ. ನಿಧಾನವಾಗಿ ಅಡುಗೆ ಮಾಡಿ, ಊಟ ಮುಗಿಸಿ, ಎರಡು ಗಂಟೆಗೆ ಕಳಿಸಲು ಕೂತಳು.

ಪರದೆಯ ಮೇಲೆ ಬಂದದ್ದು ಐವತ್ತಾರಲ್ಲ, ಸೆಕೆಂಡಿಗೆ ಮೂರೂವರೆ ಕೆ. ಉಳಿದ ಸಮಯ ಏಳು ಗಂಟೆ.

ಗಂಡನ ಮೊಬೈಲಿನಿಂದ ಅರುಣ್ ಕುಮಾರನಿಗೆ ಫೋನ್ ಮಾಡಿದಳು.

“ಮೇಡಮ್, ಆ ಐವತ್ತಾರು ಬಿಟ್ ಲೆಕ್ಕ. ಫೈಲ್ ಇರೋದು ಬೈಟಲ್ಲಿ. ಎಂಟು ಬಿಟ್ ಸೇರಿದ್ರೆ ಒಂದು ಬೈಟ್. ಅದೂ ಬರೋವಾಗ ಐವತ್ತಾರು, ಕಳ್ಸೋವಾಗ ಮೂವತ್ತು ದಾಟಲ್ಲ.”

“ಮತ್ತೆ ನಿಮ್ಮ ಫೈಬರ್ ಎರಡು ಮೆಗಾ ಅಂದ್ರಲ್ಲ?”

“ಅದೂ ಬಿಟ್ಟೇ ಮೇಡಮ್. ಎಂಟರಿಂದ ಭಾಗಿಸಿದ್ರೂ ಆರು ನಿಮಿಷ ಅಷ್ಟೇ.”

ಎಂಟು ಅರೆಪಾವಿಗೆ ಒಂದು ಸೇರು. ಅರೆಪಾವಿನಲ್ಲಿ ಬೀಳುತ್ತಿದ್ದುದನ್ನು ಅವಳು ಸೇರೆಂದು ಎಣಿಸಿಕೊಂಡು, ಹುಳಿಗೆ ಒಗ್ಗರಣೆ ಹಾಕುತ್ತ ಅರ್ಧ ದಿನ ಕಳೆದಿದ್ದಳು. ಸಿ.ಡಿ. ಮಾಡಿ ರಾತ್ರಿಯ ಬಸ್ಸಿಗೆ ಕೊಟ್ಟರೆ ಬೆಳಿಗ್ಗೆ ತಲುಪೀತು. ಮೂರು ಗಂಟೆ ಕೇಳಲು ಹೊತ್ತೆಲ್ಲಿ?

ಎಷ್ಟು ಹೋಯಿತೆಂದು ತೋರಿಸುವ ನೀಲಿ ಪಟ್ಟಿ ಇರುವೆಗಿಂತ ನಿಧಾನವಾಗಿ ತೆವಳುತ್ತಿತ್ತು. ಯಾರೂ ಫೋನ್ ಎತ್ತಬಾರದು, ಎತ್ತಿದರೆ ಎಲ್ಲವೂ ಮೊದಲಿನಿಂದ. ಕರೆಂಟ್ ಹೋದರೂ ಅಷ್ಟೆ. ಆಕಾಶ ಕಪ್ಪಗಾಗುತ್ತಿತ್ತು. ಪಂಕಜಾ ಕುರ್ಚಿ ಬಿಟ್ಟು ಏಳಲಿಲ್ಲ. ಎರಡು ಗಂಟೆ ಹೊತ್ತು ಕಾದಮೇಲೆ ಪಟ್ಟಿ ಕಾಲು ಭಾಗವನ್ನು ದಾಟಿತ್ತು. ಅಷ್ಟರಲ್ಲಿ ಮೊಬೈಲಿಗೆ ಶಿಲ್ಪಾಳ ಫೋನು.

“ಆಂಟಿ, ಮನಿ ಫೋನು ಯಾವಾಗ ಮಾಡಿದ್ರೂ ಎಂಗೇಜ್ ಐತಲ್ರೀ! ಪಾಠ ಬಂದಿಲ್ಲ.”

“ಹೋಗ್ತಾ ಇದೆ ಕಣೇ. ಏಳು ಗಂಟೆ ಬೇಕಂತೆ” ಎಂದಳು ಪಂಕಜಾ.

“ನೀವು ಓದಾಕ ಎಷ್ಟೊತ್ತ ಆಗಿತ್ರೀ?”

“ಮೂರು.”

ಆ ಕಡೆ ಶಿಲ್ಪಾ ನಕ್ಕುಬಿಟ್ಟಳು. “ಹಂಗಾದ್ರ ಆ ಕಂಪ್ಯೂಟರ್ ಬಿಡ್ರೀ ಆಂಟಿ. ಅದೇ ತಂತಿಯಾಗ ನನಗs ಓದಿ ಹೇಳ್ರಿ!”

ಪಂಕಜಾ ಪಟ್ಟಿಯನ್ನೇ ನೋಡಿದಳು. ಕಿತ್ತರೆ ಅಷ್ಟು ಹೊತ್ತು ಕಳಿಸಿದ್ದೂ ನೀರುಪಾಲು. ಬಿಟ್ಟರೆ ಒಂಬತ್ತಕ್ಕೆ ಹೋಗಿ ಬೀಗ ಹಾಕಿದ ಕೋಣೆಯಲ್ಲಿ ಕೂರುತ್ತದೆ. “ಕೀಳ್ಲಾ?” ಎಂದು ಗಂಡನ ಮುಖ ನೋಡಿದಳು. “ನನ್ನನ್ನ ಕೇಳ್ಬೇಡ ಮಾರಾಯ್ತಿ” ಎಂದು ಅವನು ಪೇಪರು ಮಡಿಸಿದ. ಅವಳು ಕಣ್ಣು ಮುಚ್ಚಿ ತಂತಿ ಎಳೆದಳು.

ಹಾಸ್ಟೆಲಿಗೆ ಫೋನ್ ಮಾಡಿ, ಮೊದಲು ರಿಸೀವರನ್ನು ಕಂಪ್ಯೂಟರಿನ ಸ್ಪೀಕರಿಗೆ ಹಿಡಿದು ನೋಡಿದಳು. “ಡಬ್ಬಿಯೊಳಗ ದುಂಬಿ ಹೊಕ್ಕಂಗ ಕೇಳತೈತ್ರೀ” ಎಂದಳು ಶಿಲ್ಪಾ. ಪಂಕಜಾ ಪುಸ್ತಕ ತೆಗೆದು ಓದತೊಡಗಿದಳು. ಆ ಕಡೆಯದು ಹಾಸ್ಟೆಲಿನ ಪಡಸಾಲೆಯ ಫೋನು. ಹಿಂದಿನಿಂದ ಬೇರೆ ಹುಡುಗಿಯರ ಗಲಾಟೆ, “ಏ ಶಿಲ್ಪಾ, ಮದಿವಿ ಮಾತುಕತಿ ಏನs?” ಎಂಬ ಕಿಚಾಯಿಕೆ. ಶಿಲ್ಪಾ ಇಸವಿಗಳನ್ನು ಎರಡೆರಡು ಸಲ ಹೇಳಿಸಿದಳು, ಯುದ್ಧಗಳನ್ನು ಮೂರು ಸಲ. ನಡುವೆ ಎರಡು ಬಾರಿ ಲೈನು ಕಟ್ಟಾಯಿತು. ಪಂಕಜಾಳ ದನಿ ಒಡೆದು ಪಿಸುಮಾತಾಯಿತು. ಎಂಟಕ್ಕೆ ಊಟದ ಗಂಟೆ ಹೊಡೆಯಿತು. ವಾರ್ಡನ್ ಸೀತಾ ಬಂದು ಫೋನು ಬಿಡಲು ಹೇಳಿದಳು.

“ಇನ್ನೊಂದು ಪಾಠ ಉಳಿದಿದೆಯಲ್ಲೇ!” ಎಂದಳು ಪಂಕಜಾ.

“ಉಳೀಲಿ ಬಿಡ್ರೀ ಆಂಟಿ. ಹಿಂದಿನ ಸಲ ಒಂದೂ ಕೇಳಿದ್ದಿಲ್ಲ. ನೀವು ಬಿಸಿನೀರು ಕುಡೀರಿ.”

ಬೆಳಿಗ್ಗೆ ಎದ್ದವಳೇ ಪಂಕಜಾ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಮತ್ತೆ ಫೋನ್ ಮಾಡಿದಳು, ಅರ್ಧವಾದರೂ ಓದಿಬಿಡೋಣವೆಂದು. ಫೋನ್ ಎತ್ತಿದವಳು ಸೀತಾ. ಉತ್ತರ ಬರೆದುಕೊಡುವ ಹುಡುಗಿಯ ತೋಳು ಹಿಡಿದುಕೊಂಡು, ಇಸವಿಗಳನ್ನು ಬಾಯಲ್ಲೇ ಗುನುಗುತ್ತಾ, ಶಿಲ್ಪಾ ಆಗಲೇ ಪರೀಕ್ಷೆಗೆ ಹೊರಟುಹೋಗಿದ್ದಳು.