ಆ ಕಡೆಯ ಚಿಲಕ

ಮೆಟ್ಟಿಲ ತಿರುವಿಗೆ ಬರುತ್ತಲೇ ಹಲಗೆಯ ತುದಿ ಮತ್ತೆ ಗೋಡೆಗೆ ಬಡಿದು ಗಾರೆ ಉದುರಿತು. ಇನ್ನೂ ಖಾಲಿ ಹಲಗೆ. ಅಮ್ಮ ಮಹಡಿಯ ಕೋಣೆಯಲ್ಲಿ, ತನ್ನ ಹೊಲಿಗೆ ಯಂತ್ರದ ಪಕ್ಕದ ಮಂಚದ ಮೇಲೇ ಇದ್ದಳು.

“ಈ ಮೆಟ್ಟಿಲು ಕಟ್ಟಿದೋನು ಈ ಮನೇಲಿ ಯಾರೂ ಸಾಯೋದೇ ಇಲ್ಲ ಅಂದ್ಕೊಂಡಿದ್ನೇನೋ,” ಎಂದು ಸೋದರಮಾವ ಬೆವರು ಒರೆಸಿಕೊಂಡ. “ಹಲಗೆ ಬಿಡಿ. ಅಕ್ಕನ್ನ ನಿಲ್ಲಿಸ್ಕೊಂಡೇ ಇಳಿಸೋಣ.”

“ನಿಲ್ಲಿಸೋದು ಬೇಡ ಮಾವ,” ಎಂದಳು ಮಗಳು. “ಅಮ್ಮ ಏನು ಬೀರುವಾ?”

“ಮತ್ತೆ ಕಿಟಕಿಯಿಂದ ಇಳಿಸ್ತೀಯಾ? ಹೊತ್ತಾಗ್ತಿದೆ ಕಣೇ.”

ಮಗಳು ಕೋಣೆಯ ಬಾಗಿಲಿಗೆ ಹಿಂತಿರುಗಿದ್ದಳು. ಅವಳು ಮಂಚದಾಚೆ ಗೋಡೆಗೆ ಒತ್ತಿ ನಿಂತಿದ್ದ ಬಟ್ಟೆಯ ಬೀರುವನ್ನು ನೋಡುತ್ತಿದ್ದಳು.

*

ಉಳಿದ ದರ್ಜಿಗಳು ಅಂಗಡಿಯಲ್ಲಿ ಕೂತಿದ್ದರೆ ಅಮ್ಮ ಅಳತೆ ತೆಗೆಯಲು ಜನರ ಮನೆಗೇ ಹೋಗುತ್ತಿದ್ದಳು, ಅದರಲ್ಲೂ ಹಳೆಯ ಮನೆಗಳಿಗೆ. ಮನೆಯಾಕೆ ಚಹಾ ತರಲು ಒಳಹೋದಳೆಂದರೆ ತೋಳು ಅಳೆದ ಟೇಪು ಬಾಗಿಲ ಚೌಕಟ್ಟಿನ ಮೇಲೆ ಹರಿದಾಡುತ್ತಿತ್ತು. ಜೊತೆಗೆ ಹೋದ ಮಗಳಿಗೆ ನಾಚಿಕೆಯಿಂದ ಪ್ರಾಣ ಹೋದಂತಾಗುತ್ತಿತ್ತು.

ಅಂಥ ಒಂದು ಮಹಡಿಯಲ್ಲಿ ಅಮ್ಮ ಕತ್ತರಿಯ ಹಿಡಿಯಿಂದ ಗೋಡೆ ತಟ್ಟಿ, “ಇಲ್ಲೊಂದು ಬಾಗಿಲಿದೆ,” ಎಂದಳು.

“ಕರೆದದ್ದು ತೋಳು ಸರಿ ಮಾಡೋಕೆ ತಾಯಿ, ಗೋಡೆ ಸರಿ ಮಾಡೋಕಲ್ಲ,” ಎಂದು ನಕ್ಕ ಮನೆಯಾಕೆಯೇ ತಡೆಯಲಾರದೆ ಪೆಟ್ಟಿಗೆಗಳನ್ನು ಸರಿಸಿದಳು. ಬಾಗಿಲಿತ್ತು.

“ಹಿಂದೆ ಈ ಸಾಲಿನ ಹೆಂಗಸರು ಬೀದಿಗಿಳೀದೇನೇ ಇಂಥ ಬಾಗಿಲಲ್ಲೇ ಒಬ್ಬರ ಮನೆಗೊಬ್ಬರು ಹೋಗ್ತಿದ್ರು,” ಎಂದು ಅಮ್ಮ ದಾರಿಯಲ್ಲಿ ಹೇಳಿದಳು. “ಗಂಡಸರನ್ನ ಕೇಳೋ ರಗಳೆನೇ ಇಲ್ಲ.”

“ನಮ್ಮನೇಲೂ ಇದ್ಯಾ?”

“ನನ್ನ ಬೀರು ಹಿಂದೇನೇ ಇದೆ.”

“ತೆಗೆಯೋಣಮ್ಮ.”

“ನಮ್ಮ ಕಡೆ ಚಿಲಕ ಯಾವಾಗ್ಲೋ ತೆಗೆದಿಟ್ಟಿದೀನಿ. ಆ ಕಡೇದು ಅವರೇ ತೆಗೀಬೇಕು.”

ಪಕ್ಕದ ಮನೆಯವರೊಂದಿಗೆ ಅಜ್ಜನ ಕಾಲದಿಂದ ಮಾತಿರಲಿಲ್ಲ. ಜಗಳ ಯಾತಕ್ಕೆಂಬುದು ಎರಡೂ ಕಡೆಯವರಿಗೆ ಮರೆತಿತ್ತು, ಮಾತಾಡಬಾರದೆಂಬುದಷ್ಟೇ ನೆನಪಿತ್ತು. ಆ ಮನೆಯಾಕೆ ಬಟ್ಟೆಯನ್ನು ಬೇರೆ ದರ್ಜಿಯ ಹತ್ತಿರ ಹೊಲಿಸುತ್ತಿದ್ದಳು. ಹೀಗಾಗಿ ಊರಿನ ಹಳೆಯ ಮನೆಗಳಲ್ಲಿ ಅಮ್ಮ ನೋಡದೆ ಉಳಿದದ್ದು ಅದೊಂದೇ.

*

ಮಗಳು ಬೀದಿಗಿಳಿದಳು. ಪಕ್ಕದ ಮನೆಯಾಕೆ ಸೇರಿದ್ದ ಜನರಿಂದ ತುಸು ದೂರ, ತನ್ನ ಹೊಸಿಲ ಮೇಲೆ ನಿಂತಿದ್ದಳು. ಮಗಳ ನೆನಪಿನಲ್ಲಿ ಎರಡು ಮನೆಗಳ ನಡುವೆ ಆಡಿದ ಮೊದಲ ಮಾತು ಅದು:

“ನಿಮ್ಮನೆ ಮೆಟ್ಟಿಲು ಹೇಗಿದೆ?”

“ಮೆಟ್ಟಿಲಾ? ನೇರಕ್ಕಿದೆ. ಅಗಲಾನೂ ಇದೆ. ಯಾಕಮ್ಮಾ?”

ಮಗಳು ಹೇಳಿದಳು, ಊರಿನ ಹಳೆಯ ಮನೆಗಳಲ್ಲಿ ಅಮ್ಮ ನೋಡದೆ ಉಳಿದದ್ದು ಇದೊಂದೇ ಎಂಬುದನ್ನೂ. ಹಿಂದೆಯೇ ಬಂದಿದ್ದ ಸೋದರಮಾವನ ಮುಖ ಗಂಟಿಕ್ಕಿತು. “ಬದುಕಿದ್ದಾಗ ಬಾ ಅನ್ನದವರ ಮನೆ ಹಾದು ಹೋಗ್ಬೇಕಾ ನಮ್ಮಕ್ಕ?”

ಆಕೆ ಅವನತ್ತ ನೋಡಲಿಲ್ಲ. “ದಿನಾ ಆ ಬಾಗಿಲ ಹಿಂದೆ ಹೊಲಿಗೆ ಸದ್ದು ಕೇಳ್ತಿತ್ತು,” ಎಂದಳು ಮಗಳಿಗೆ. “ಒಂದೆರಡು ಸಲ ಚಿಲಕದ ಮೇಲೆ ಕೈ ಇಟ್ಟಿದ್ದೂ ಉಂಟು. ನಿಮ್ಮ ಕಡೆ ಹಾಕಿರುತ್ತಲ್ಲ ಅಂತ ಸುಮ್ಮನಾದೆ.”

“ಹಾಕಿರಲಿಲ್ಲ,” ಎಂದಳು ಮಗಳು.

ಆಕೆ ಸೆರಗಿನಿಂದ ಬಾಯಿ ಒತ್ತಿಕೊಂಡು ಒಳಗೆ ಹೋದಳು.

ಬೀರುವನ್ನು ಸರಿಸಿದಾಗ ಕಂಡದ್ದು ಮಾಸಿದ ಹಸಿರು ಬಣ್ಣದ ಜೋಡಿ ಬಾಗಿಲು. ಆಚೆಯಿಂದ ಕಲ್ಲಿನಲ್ಲಿ ಚಿಲಕ ಜಜ್ಜುವ ಸದ್ದು ಬಹಳ ಹೊತ್ತು ಕೇಳಿತು. ಕೊನೆಗೆ ಕದ ಕಿರುಗುಟ್ಟಿ ತೆರೆದಾಗ ಆಕೆಯ ಅಂಗೈಯೆಲ್ಲ ತುಕ್ಕು.

“ಬನ್ನಿ,” ಎಂದಳು. ಯಾರಿಗೆ ಹೇಳಿದಳೋ.

ಅಮ್ಮನನ್ನು ಮಲಗಿಸಿದ ಹಲಗೆ ಹೊಸಿಲು ದಾಟಿತು. ಆಚೆ ಉದ್ದನೆಯ ಮೊಗಸಾಲೆ, ಎರಡೂ ಬದಿಗೆ ಮುಚ್ಚಿದ ಕೋಣೆಗಳು, ತುದಿಯಲ್ಲಿ ಮೆಟ್ಟಿಲು. ಆಕೆ ಮುಂದೆ ನಡೆಯುತ್ತ ದಾರಿಗೆ ಬೇಕಿಲ್ಲದ ಆ ಕೋಣೆಗಳ ಬಾಗಿಲುಗಳನ್ನೂ ಒಂದೊಂದಾಗಿ ತೆರೆದಳು. ಪ್ರತಿ ಬಾಗಿಲಿನಿಂದಲೂ ಬೆಳಕು ಹಲಗೆಯ ಮೇಲೆ ಬಿದ್ದು ಜಾರುತ್ತಿತ್ತು. ತಲೆಯ ಕಡೆ ಹೆಗಲು ಕೊಟ್ಟಿದ್ದ ಸೋದರಮಾವ ಹೆಜ್ಜೆ ನಿಧಾನ ಮಾಡಿ, ಕತ್ತು ಚಾಚಿ, ಒಂದೊಂದು ಕೋಣೆಯೊಳಗೂ ಇಣುಕುತ್ತ ನಡೆದ.