ಎದೆಯ ಕೆಳಗಿನ ಗೆರೆ

ಆ ಮುಂಜಾನೆ ಹುಬ್ಬಳ್ಳಿಯಲ್ಲಿ ಆಷಾಢದ ಗಾಳಿ ಎದ್ದಿತ್ತು. ಮಳೆಯ ಒಂದು ಹನಿಯಿಲ್ಲ, ಬರೀ ಗಾಳಿ. ಆಸ್ಪತ್ರೆಯ ಕಿಟಕಿಗಳು ಗಡಗಡ ಅನ್ನುತ್ತಿದ್ದವು. ಹೊರಗಿನ ಬೇವಿನ ಮರ ದೇವರು ಮೈಮೇಲೆ ಬಂದವರ ಹಾಗೆ ತೂಗುತ್ತಿತ್ತು. ಅಂಥ ಮುಂಜಾನೆ ನಾನು ಎರಡನೆಯ ಸಲ ಹುಟ್ಟಿದೆ.

ನಾನು ಒಂದು ಗಾಯದ ಗುರುತು. ಅಂಬುಜಾಬಾಯಿ ಎಂಬ ಕಂಪನಿ ನಾಟಕದ ನಟಿಯ ಎಡ ಎದೆಯ ಕೆಳಗೆ, ಎದೆ ಪಕ್ಕೆಗೆ ಸೇರುವ ಮಡಿಕೆಯಲ್ಲಿ ನನ್ನ ವಾಸ. ಬಲಗಡೆಯ ಮಡಿಕೆಯಲ್ಲಿ ನನ್ನ ಅವಳಿ ಇದ್ದಾಳೆ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿದ್ದು ಕನ್ನಡಿಯಲ್ಲಿ ಮಾತ್ರ. ಜಗತ್ತನ್ನು ನಾನು ಯಾವಾಗಲೂ ಕೆಳಗಿನಿಂದಲೇ ಕಂಡವಳು. ಆದರೆ ಅವಳ ಗುಂಡಿಗೆಯ ಸದ್ದನ್ನು ನನ್ನಷ್ಟು ಹತ್ತಿರದಿಂದ ಕೇಳಿದವರು ಯಾರೂ ಇಲ್ಲ. ಶಿವ ಕೊಟ್ಟ ಜಾಗ, ದೂರಿಲ್ಲ.

ಮೊದಲ ಹುಟ್ಟನ್ನೂ ಹೇಳಬೇಕು. ಆಗ ಅಂಬುಜಾಬಾಯಿ ಚಿಕ್ಕವಳು. ಬಸಲಿಂಗಪ್ಪನವರ ಕಂಪನಿಯಲ್ಲಿ ರಕ್ಕಸನನ್ನು ಕೊಲ್ಲುವ ದೇವಿಯ ಪಾತ್ರ ಅವಳದು. ಥಿಯೇಟರಿನ ಮುಂದಿನ ಬೋರ್ಡಿನಲ್ಲಿ ಚಿತ್ರಗಾರ ಬರೆದ ದೇವಿಯ ಮೈಗೂ ಇವಳ ಮೈಗೂ ತಾಳ ಕೂಡುವುದಿಲ್ಲ ಎಂದು ಮಾಲೀಕರು ಹೇಳಿದರು. ಚಿತ್ರವನ್ನು ತಿದ್ದಬಹುದಿತ್ತು, ತಿದ್ದಿದ್ದು ಇವಳನ್ನು. ಅವಳೂ ಒಲ್ಲೆ ಅನ್ನಲಿಲ್ಲ. ಚಪ್ಪಾಳೆಯ ಹಸಿವಿನ ವಯಸ್ಸು ಅದು. ದೊಡ್ಡ ಊರಿನ ವೈದ್ಯರೊಬ್ಬರು ಎದೆಯ ಕೆಳಗೆ ಕೊಯ್ದು, ಒಂದೊಂದು ಸಿಲಿಕಾನ್ ಚೀಲ ಒಳಗಿಟ್ಟು ಹೊಲಿದರು. ಆ ಹೊಲಿಗೆಯೇ ನಾನು. ಬಾಗಿಲು ಮುಚ್ಚಿದ ಮೇಲೆ ಅಗುಳಿಯನ್ನು ಯಾರು ನೆನೆಯುತ್ತಾರೆ? ತೆಳ್ಳಗೆ ಬೆಳ್ಳಗಾಗಿ ವರ್ಷಗಟ್ಟಲೆ ಮಲಗಿಬಿಟ್ಟೆ.

ಮೈ ಮಾತ್ರ ಮಲಗಲಿಲ್ಲ. ಒಳಗೆ ಬಂದ ಪರಕೀಯನ ಸುತ್ತ ಅದು ತಾನೇ ಒಂದು ಪೊರೆ ಕಟ್ಟಿತ್ತು. ಬರಬರುತ್ತ ಆ ಪೊರೆ ಬಿಗಿದು ಎದೆ ಕಲ್ಲಾಯಿತು. ತ್ರಿಶೂಲ ಎತ್ತಿದರೆ ನೋವು, ಮಗ್ಗುಲಾದರೆ ನೋವು. ಕಡೆಗೆ ಅವಳು ಹುಬ್ಬಳ್ಳಿಯಲ್ಲಿ, ಎಲ್ಲರೂ ಡಾಕ್ಟರ್ ಬಾಯಿ ಎಂದು ಕರೆಯುವ ವೈದ್ಯೆಯ ಮುಂದೆ ಕುಳಿತು, ಎರಡೂ ಚೀಲ ತೆಗೆದುಬಿಡಿ, ಬೇರೆ ಹಾಕುವುದು ಬೇಡ ಎಂದಳು. ಆಮೇಲೆ ದನಿ ಇಳಿಸಿ ಕೇಳಿದಳು:

“ಚೀಲದ ಜೋಡಿ ಈ ಗುರುತೂ ಹೋಗ್ತಾವೇನ್ರಿ?”

“ಇಲ್ಲವ್ವಾ,” ಎಂದರು ಡಾಕ್ಟರ್ ಬಾಯಿ. “ಹಳೇ ಗೆರಿ ಮ್ಯಾಲೇ ಕೊಯ್ತೀನಿ. ಒಳಗಿನ ಗಟ್ಟಿ ಪೊರಿನೂ ತೆಗೀಬೇಕಲ್ಲ, ಅದಕ್ಕ ಮೊದಲಿಗಿಂತ ಚೂರು ಉದ್ದ ಆಗ್ತದ. ಕೆಂಪಾಗ್ತದ, ಉಬ್ಬತದ, ತುರಸ್ತದ. ಎರಡು ಮೂರು ತಿಂಗಳಿಗೆ, ಕಡಿಮಿ ಆಗೂದು ಬಿಟ್ಟು ಹೆಚ್ಚಾತಲ್ಲ ಅನಸ್ತದ. ಅಂಜಬ್ಯಾಡ. ವರ್ಷ, ಒಂದೂವರಿ ವರ್ಷಕ್ಕ ತಿಳಿಯಾಗ್ತದ. ಆದರ ಹೋಗೂದಿಲ್ಲ.”

ಹೋಗೂದಿಲ್ಲ. ಅದೇ ನನ್ನ ನಾಮಕರಣ. ಆ ಹೆಸರನ್ನು ಇಂದಿಗೂ ಬಿಟ್ಟುಕೊಟ್ಟಿಲ್ಲ.

ಹೀಗೆ ಆ ಗಾಳಿಯ ಮುಂಜಾನೆ ಬಾಗಿಲು ಮತ್ತೆ ತೆರೆಯಿತು. ಪರಕೀಯ ಹೊರಗೆ ಹೋದ, ನಾನು ಹೊಸದಾಗಿ ಹುಟ್ಟಿದೆ. ನನ್ನ ಪಕ್ಕದಲ್ಲಿ ನೀರು ಬಸಿಯಲು ಇಟ್ಟಿದ್ದ ನಳಿಕೆ ಕೆಲವು ದಿನದಲ್ಲೇ ಹೋಯಿತು. ಅದರ ನೆನಪಿಗೆ ಸಾಸಿವೆಯಷ್ಟು ಚುಕ್ಕೆ ಉಳಿಯಿತು. ಪಟ್ಟಿ ಬಿಚ್ಚಿದ ದಿನ ಅಂಬುಜಾಬಾಯಿ ಕನ್ನಡಿಯ ಮುಂದೆ ನಿಂತಳು. ಎದೆ ಸಪಾಟಾಗಿತ್ತು, ಚರ್ಮ ಜೋತು ನನ್ನ ಮೇಲೆ ನೆರಿಗೆ ಬಿದ್ದಿತ್ತು. ಅವಳು ಕನ್ನಡಿಯನ್ನು ಗೋಡೆಯ ಕಡೆ ತಿರುಗಿಸಿ ಇಟ್ಟಳು. ದಿನ ಕಳೆದಂತೆ ಚರ್ಮ ಒಂದಿಷ್ಟು ಬಿಗಿದುಕೊಳ್ಳುತ್ತದೆ, ಪೂರಾ ಮೊದಲಿನಂತೆ ಆಗುವುದಿಲ್ಲ ಎಂದು ಡಾಕ್ಟರ್ ಬಾಯಿ ಮುಚ್ಚುಮರೆಯಿಲ್ಲದೆ ಹೇಳಿದ್ದರು. ಭಾರ ಎತ್ತಬೇಡ, ತೋಳು ಮೇಲೆತ್ತಲು ಅವಸರ ಮಾಡಬೇಡ, ಗುರುತಿಗೆ ಬಿಸಿಲು ಬೀಳದಿರಲಿ, ತಂಬಾಕು ಬಿಡು, ಗಾಯ ಪೂರಾ ಕೂಡಿದ ಮೇಲೆ ಬೆರಳಿಂದ ಮೆಲ್ಲಗೆ ತಿಕ್ಕು, ಮೇಲೊಂದು ಸಿಲಿಕಾನ್ ಪಟ್ಟಿ ಅಂಟಿಸು ಎಂದೂ ಹೇಳಿದ್ದರು. ಒಳಗಿಂದ ಹೊರಹಾಕಿದ ಸಿಲಿಕಾನು ನನ್ನ ಸೇವೆಗೆ ಹೊರಗಡೆಯಿಂದ ಬಂದಿತ್ತು. ಅದನ್ನು ನೆನೆದು ನಾನು ನಕ್ಕಿದ್ದುಂಟು.

ಆಗ ಕಂಪನಿಯ ಕ್ಯಾಂಪು ಗಜೇಂದ್ರಗಡದಲ್ಲಿತ್ತು. ಅಂಬುಜಾಬಾಯಿ ಮರಳುವ ಹೊತ್ತಿಗೆ ದೇವಿಯ ಪಾತ್ರವನ್ನು ಕಸ್ತೂರಿ ಎಂಬ ಹೊಸ ಹುಡುಗಿ ಮಾಡುತ್ತಿದ್ದಳು. ಇವಳು ಬರುವವರೆಗೆ ಮಾತ್ರ ಎಂದು ಮಾಲೀಕರು ಆಗ ಮಾತು ಕೊಟ್ಟಿದ್ದರು. ಈಗ ಇವಳನ್ನು ಮೇಲಿನಿಂದ ಕೆಳಗೆ ನೋಡಿ ಮಾತು ತಿರುಗಿಸಿದರು.

“ದೇವಿ ಅಂದಮ್ಯಾಲೆ ತುಂಬಿದ ಮೈ ಇರಬೇಕಲ್ಲ, ಅಂಬುಜಾ. ಹೊಸಾವು ಹಾಕಿಸ್ಕೊಂಡು ಬಾ. ಒಲ್ಲೆ ಅಂದ್ರ ತಾಯಿ ಪಾತ್ರ ಅದಾವ, ಮರ್ಯಾದಿ ಪಾತ್ರ ಅವು.”

ಅವಳು ತಾಯಿಯ ಪಾತ್ರ ಮಾಡಿದಳು. ತನ್ನ ಪ್ರವೇಶ ಮುಗಿದ ಮೇಲೂ ಪರದೆಯ ಬದಿಯಲ್ಲಿ ನಿಂತು ದೇವಿಯ ಮಾತುಗಳನ್ನು ತುಟಿಯಲ್ಲೇ ಆಡುತ್ತಿದ್ದಳು. ಆ ಉಸಿರು ನನಗೆ ತಾಗುತ್ತಿತ್ತು. ದೇವಿ ಅವಳಿಗೆ ಬರೀ ಪಾತ್ರವಲ್ಲ, ನಿತ್ಯದ ಪೂಜೆ. ಪೂಜೆ ತಪ್ಪಿದವಳ ಹೊಟ್ಟೆಯ ಉರಿ ಎಂಥದೆಂದು ನನಗೆ ಗೊತ್ತು.

ಅಷ್ಟರಲ್ಲಿ ನನಗೆ ಪ್ರಾಯ ಬಂತು. ಡಾಕ್ಟರ್ ಬಾಯಿ ಹೇಳಿದಂತೆಯೇ ಕೆಂಪಾದೆ, ಉಬ್ಬಿದೆ, ಇರುವೆಯ ಸಾಲು ಹರಿದಂತೆ ತುರಿಸಿದೆ. ಕಂಪನಿಯ ಹೆಂಗಸರಿಗೆಲ್ಲ ಇದ್ದದ್ದು ತಗಡಿನ ಒಂದೇ ಬಣ್ಣದ ಕೋಣೆ, ಒಂದೇ ಕನ್ನಡಿ. ಸೀರೆ ಬದಲಿಸುವಾಗ ಕಸ್ತೂರಿಯ ಕಣ್ಣು ನನ್ನ ಮೇಲೆ ಬಿದ್ದೀತೆಂದು ಅಂಬುಜಾಬಾಯಿಗೆ ನಾಚಿಕೆ. ಆಗ ಅವಳು ಬಣ್ಣದವರು ಮಾತ್ರ ಮಾಡಬಹುದಾದ ತಪ್ಪು ಮಾಡಿದಳು. ಮುಖಕ್ಕೆ ಬಳಿಯುವ ಬಣ್ಣವನ್ನೇ ದಿನಾ ಸಂಜೆ ನನ್ನ ಮೇಲೆ ಬಳಿದಳು. ಆಟ ಮುಗಿದ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿ ಅರಿವೆಯಿಂದ ಗಸಗಸ ಒರೆಸಿದಳು. ನಾನು ಸುಮ್ಮನಿರುವವಳಲ್ಲ. ಕೆರಳಿದೆ, ಒಸರಿದೆ, ಹಗ್ಗದ ಹಾಗೆ ದಪ್ಪಗಾದೆ. ಬಲಗಡೆಯ ನನ್ನ ಅವಳಿಗೂ ಅದೇ ಬಣ್ಣ, ಅದೇ ಅರಿವೆ. ಆದರೂ ಅವಳು ತೆಳ್ಳಗೆ ತಣ್ಣಗೆ ಇದ್ದಳು. ಒಂದೇ ಮೈಯ ಎರಡು ಗಾಯ ಒಂದೇ ಥರ ಮಾಗುವುದಿಲ್ಲ.

ಇದು ಮುಖವಲ್ಲ, ಇನ್ನೂ ಹಸಿ ತೊಗಲು ಎಂದು ಡಾಕ್ಟರ್ ಬಾಯಿ ಗದರಿದರು. ಕೆರಳಿದ್ದು ಆರಿದ ಮೇಲೆ, ದಪ್ಪ ಇಳಿಯಲೆಂದು ನನ್ನೊಳಗೆ ಸೂಜಿಯಿಂದ ಮದ್ದು ಹಾಕಿದರು. ಅಂಬುಜಾಬಾಯಿ ಅತ್ತುಕೊಂಡೇ ಕ್ಯಾಂಪಿಗೆ ಬಂದಳು.

ಕಂಪನಿಯಲ್ಲಿ ಗುರುಶಾಂತಪ್ಪ ಮಾಸ್ತರರೆಂಬ ಮುದುಕರಿದ್ದರು. ಆಗ ಅವರು ಕಾಲುಪೆಟ್ಟಿಗೆ, ಅಂದರೆ ಕಾಲಿನಿಂದ ಗಾಳಿ ಒತ್ತುವ ಹಾರ್ಮೋನಿಯಂ, ಬಾರಿಸುತ್ತಿದ್ದರು. ಅದಕ್ಕೂ ಹಿಂದೆ, ಹೆಂಗಸರು ರಂಗಕ್ಕೆ ಬರುವುದು ಅಪರೂಪವಾಗಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರಗಳೆಲ್ಲ ಅವರವೇ. ಅವಳ ಅಳು ಕೇಳಿ ಚಹಾದ ಬಸಿ ಕೆಳಗಿಟ್ಟರು.

“ತಂಗಿ, ನಾ ಬಟ್ಟಿ ಗಂಟು ಕಟ್ಟಿಕೊಂಡು ಸೀತಿ ಆದೆ, ದ್ರೌಪದಿ ಆದೆ. ಆಟ ಮುಗೀತಂದ್ರ ಆ ಎದಿ ಬಿಚ್ಚಿ ಗೂಟಕ್ಕ ಹಾಕಿ, ಬೀಡಿ ಹಚ್ಚಿ ಹೊರಗ ಬರತಿದ್ದೆ. ಹೆಣ್ಮಕ್ಕಳು ಬಂದು ಈ ಬೀಡಿ ಸೇದೋ ಸೀತಿ ಕಾಲಿಗೇ ಬೀಳತಿದ್ರು. ಒಳಗ ಹೋಗಿ ಆ ಗೂಟಕ್ಕ ಯಾರೂ ಅಡ್ಡ ಬೀಳಲಿಲ್ಲ ನೋಡು.”

ಅವಳು ಅಳುತ್ತಲೇ ನಕ್ಕಳು. ನಕ್ಕ ರಭಸಕ್ಕೆ ನಾನು ಜಗ್ಗಿದೆ. ಆ ನೋವು ಹಿತವಾಗಿತ್ತು. ಅಂದಿನಿಂದ ನನ್ನ ಮೇಲೆ ಬಣ್ಣ ಬೀಳಲಿಲ್ಲ. ಬಣ್ಣದ ಕೋಣೆಯಲ್ಲಿ ಅವಳು ಗೋಡೆಯ ಕಡೆ ತಿರುಗುವುದನ್ನೂ ಬಿಟ್ಟಳು. ಕಸ್ತೂರಿ ನನ್ನನ್ನು ಕಂಡಳು. ಬಹಳ ಹೊತ್ತು ನೋಡಿ, ನೋಯುತ್ತದೆಯೇ ಎಂದು ಕೇಳಿದಳು.

“ಇಲ್ಲ. ತುರಸ್ತದ,” ಎಂದಳು ಅಂಬುಜಾಬಾಯಿ.

ಮರುವರ್ಷದ ಚಳಿಗಾಲ ಬರುವ ಹೊತ್ತಿಗೆ ನನ್ನ ಕೆಂಪು ಇಳಿದಿತ್ತು. ಅವಳ ಬೆರಳು ದಿನಾ ತಿಕ್ಕಿ ತಿಕ್ಕಿ ನನ್ನನ್ನು ಮೆತ್ತಗೆ ಮಾಡಿತ್ತು. ತೋಳು ನೆತ್ತಿಯ ಮೇಲೆ ಸಲೀಸಾಗಿ ಏಳುತ್ತಿತ್ತು. ಅವಳು ನೇರವಾಗಿ ಮಾಲೀಕರ ಮುಂದೆ ನಿಂತಳು.

“ದೇವಿ ರಕ್ಕಸನ್ನ ಕೊಲ್ಲೂದು ತೋಳಿನಿಂದ, ಮಾಲಕರ. ಎದಿಯಿಂದಲ್ಲ. ಒಂದು ಆಟ ಕೊಡ್ರಿ.”

ಬಸಲಿಂಗಪ್ಪನವರು ಕೆಟ್ಟವರಲ್ಲ, ಅಂಜುಬುರುಕರು. ಒಂದು ಸಂಜೆಯ ಆಟ ಕೊಟ್ಟರು, ಒಂದು ಕರಾರಿನ ಮೇಲೆ. ರವಿಕೆಯಲ್ಲಿ ಹತ್ತಿ ತುಂಬಿಕೊಳ್ಳಬೇಕು. ಜನಕ್ಕೆ ಗೊತ್ತಾದರೆ ಅವಳು ಮತ್ತೆಂದೂ ದೇವಿಯ ಮಾತು ಎತ್ತಬಾರದು.

ಆ ಸಂಜೆ ಹತ್ತಿಯ ಎರಡು ಗಂಟುಗಳು ನಮ್ಮಿಬ್ಬರ ತಲೆಯ ಮೇಲೆ ಕೂತವು. ಯುದ್ಧದ ಪ್ರವೇಶದವರೆಗೆ ಎಲ್ಲ ಸರಿಯಿತ್ತು. ಅವಳು ಗಿರಕಿ ತಿರುಗಿ ರಕ್ಕಸನಿಗೆ ಎದುರಾದಾಗ ಎಡಗಡೆಯ ಗಂಟು ಜಾರಿ ಹೊಟ್ಟೆಗೆ ಬಂತು. ಮುಂದಿನ ಸಾಲಿನಲ್ಲಿ ಒಬ್ಬ ಕಿಸಕ್ಕೆಂದ. ಇನ್ನೊಬ್ಬ ಸಿಳ್ಳೆ ಹಾಕಿದ. ಪರದೆಯ ಬದಿಯಲ್ಲಿದ್ದ ಮಾಲೀಕರು ಹಣೆ ಹಿಡಿದುಕೊಂಡರು. ನನ್ನ ಹಿಂದೆ ಅವಳ ಗುಂಡಿಗೆ ಒಂದು ಬಡಿತ ತಪ್ಪಿತು. ಒಂದೇ ಒಂದು.

ಅವಳು ಸೆರಗಿನ ಒಳಗೆ ಕೈ ಹಾಕಿ ಹತ್ತಿಯ ಗಂಟು ತೆಗೆದು ರಕ್ಕಸನ ಕಾಲ ಬುಡಕ್ಕೆ ಎಸೆದಳು.

“ಇದನ್ನು ನೋಡಲೆಂದು ಬಂದೆಯಾ, ದೈತ್ಯ? ತೆಗೆದುಕೋ.” ಎರಡನೆಯದನ್ನೂ ಕಿತ್ತು ಎಸೆದಳು. “ಇದನ್ನೂ ತೆಗೆದುಕೋ. ಇನ್ನು ನನ್ನನ್ನು ನೋಡು.”

ರಕ್ಕಸನ ಪಾತ್ರದವನು ತನ್ನ ಮಾತು ಮರೆತು ನಿಜವಾಗಿಯೇ ಹಿಂದೆ ಸರಿದ. ತ್ರಿಶೂಲ ಮೇಲೆದ್ದಿತು. ನಾನು ನನ್ನ ಉದ್ದಕ್ಕೂ ಚಾಚಿಕೊಂಡೆ, ಆದರೆ ಅವಳ ತೋಳನ್ನು ತಡೆಯಲಿಲ್ಲ. ಸಿಳ್ಳೆ ಎಲ್ಲೋ ಸತ್ತಿತ್ತು. ಹೆಂಗಸರು ಕೂತ ಕಡೆಯಿಂದ ಒಬ್ಬ ಮುದುಕಿ, ಎಲ್ಲಮ್ಮನ ಜಾತ್ರೆಯಲ್ಲಿ ದೇವಿಗೆ ಜಯಕಾರ ಕೂಗುವ ಹಾಗೆ, “ಉಧೋ” ಎಂದಳು. ಆಮೇಲೆ ಆ ಬದಿಯ ಹೆಂಗಸರೆಲ್ಲ ಎದ್ದು ನಿಂತರು. ಉಧೋ, ಉಧೋ ಎಂಬ ಕೂಗಿಗೆ ಥಿಯೇಟರಿನ ತಗಡು ನಡುಗಿತು.

ಈಗ ನಾನು ಮುದುಕಿ. ಬೆಳ್ಳಗೆ, ತೆಳ್ಳಗೆ, ಅಕ್ಕಿಹಿಟ್ಟಿನಲ್ಲಿ ಎಳೆದ ರಂಗೋಲಿಯ ಎಳೆಯಂತೆ ಇದ್ದೇನೆ. ಎಡತುದಿಯಲ್ಲಿ ಒಂದು ಗಂಟು ಉಳಿದಿದೆ. ಆ ಬಣ್ಣದ ಸಂಜೆಗಳ ಸಾಕ್ಷಿ ಅದು, ಇರಲಿ. ಚಳಿಗೆ ಒಮ್ಮೊಮ್ಮೆ ತುರಿಸುತ್ತೇನೆ. ಭಿನ್ನವಾದ ಮೂರ್ತಿಗೆ ಪೂಜೆಯಿಲ್ಲ ಎನ್ನುತ್ತಾರೆ ಲೋಕದವರು. ಅದು ಕಲ್ಲಿಗೆ ಹೇಳಿದ ಮಾತು. ಕಲ್ಲು ಒಡೆದರೆ ಒಡೆದದ್ದೇ, ಮೈ ಒಡೆದರೆ ಕೂಡುತ್ತದೆ. ಕೂಡಿದ ಕಡೆ ಶಿವ ಒಂದು ಗೆರೆ ಎಳೆಯುತ್ತಾನೆ. ಅದನ್ನು ಅಳಿಸುವ ಅಧಿಕಾರ ಯಾರಿಗೂ ಇಲ್ಲ, ನನಗೂ ಇಲ್ಲ.

ಆ ಸಂಜೆಯದು ಇನ್ನೊಂದು ಮಾತು ಉಳಿದಿದೆ.

ಕಂಪನಿಯಲ್ಲಿ ಒಂದು ರೂಢಿಯಿತ್ತು. ದೇವಿಯ ಕಿರೀಟ ಇರಬೇಕಾದದ್ದು ದೇವಿಯ ಪಾತ್ರದವಳ ಟ್ರಂಕಿನಲ್ಲಿ. ಆಟ ಮುಗಿದ ಮೇಲೆ ಅಂಬುಜಾಬಾಯಿ ಕಿರೀಟ ತೆಗೆದು, ಕಣ್ಣಿಗೊತ್ತಿಕೊಂಡು, ಕಸ್ತೂರಿಯ ಟ್ರಂಕಿನ ಮೇಲಿಟ್ಟಳು. ಕರಾರು ಮುರಿದಿತ್ತಲ್ಲ. ಬಾಗಿಲಲ್ಲಿ ಬಸಲಿಂಗಪ್ಪನವರು ನಿಂತಿದ್ದರು. ಕಸ್ತೂರಿ ಎದ್ದಳು. ಕಿರೀಟಕ್ಕೆ ಅಂಟಿದ್ದ ಬೆವರನ್ನು ತನ್ನ ಸೆರಗಿನಿಂದ ಒರೆಸಿದಳು. ಮಾಲೀಕರ ಕಡೆ ನೋಡದೆ ಅಂಬುಜಾಬಾಯಿಯ ಬಳಿ ಬಂದು, ಅದನ್ನು ಅವಳ ಎರಡೂ ಕೈಗಳಲ್ಲಿ ಇಟ್ಟಳು.