ಮುನವಳ್ಳಿ ಹೊಳೆಯಲ್ಲಿ ನಿಂತ ಮೋಟಾರು

ಮೋಟಾರಿನ ವಾಸನೆ ಬಂದರೆ ಸಾಕು, ಕೃಷ್ಣವ್ವನಿಗೆ ಹೊಟ್ಟೆ ತೊಳಸುತ್ತಿತ್ತು. ಅವಳು ಬಸುರಿ; ಅದನ್ನು ಇನ್ನೂ ಯಾರಿಗೂ ಹೇಳಿರಲಿಲ್ಲ. ಹಿಂದೆ ಎರಡು ಸಲ ಹೇಳಿ, ಮನೆಯವರೆಲ್ಲ ಹಿಗ್ಗಿ, ಎರಡು ಸಲವೂ ಬಸಿರು ನಿಲ್ಲದೆ ಹೋಗಿತ್ತು. ಈ ಸಲ ಖಾತ್ರಿಯಾಗುವವರೆಗೆ ಬಾಯಿ ಬಿಡಬಾರದೆಂದು ಗಟ್ಟಿ ಮಾಡಿಕೊಂಡಿದ್ದಳು.

ಅಷ್ಟರಲ್ಲಿ ಸವದತ್ತಿಯಿಂದ ಕರೆ ಬಂತು. ಅತ್ತೆ ಬಾಯವ್ವನ ತಂಗಿಯ ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ಕಾರ್ಯ. ಬಾಯವ್ವನಿಗೆ ಮೊಣಕಾಲು ಬಾತು ಹೆಜ್ಜೆ ಕಿತ್ತಿಡಲಾಗದ ಸ್ಥಿತಿ, ಆದ್ದರಿಂದ ಅತ್ತೆ ಸೊಸೆ ಇಬ್ಬರೂ ಮೋಟಾರಿನಲ್ಲೇ ಹೋಗಿರೆಂದು ಮಾವ ಮಹಾಂತಪ್ಪ ಅಪ್ಪಣೆ ಕೊಟ್ಟ. ವಿಲಾಯತಿಗೆ ವಾಪಸಾಗುತ್ತಿದ್ದ ಸಾಹೇಬನೊಬ್ಬನಿಂದ ಅವನು ಕೊಂಡ ಹಳೆಯ ಗಾಡಿ ಅದು. ಪೆಟ್ರೋಲಿನ ಟಾಕಿ ಮುಂದಿನ ಗಾದಿಯ ಕೆಳಗಿತ್ತು. ಟಾಕಿಯ ಮುಚ್ಚಳದಲ್ಲಿ ಒಂದು ಸಣ್ಣ ತೂತು. ಘಾಟು ಬರುವುದು ಅಲ್ಲಿಂದಲೇ ಎಂದು ಕೃಷ್ಣವ್ವ ಕಂಡುಕೊಂಡಿದ್ದಳು. ದಾರಿಯಲ್ಲಿ ವಾಂತಿಯಾದರೆ ಅತ್ತೆಗೆ ಗೊತ್ತಾಗದೆ ಇರುತ್ತದೆಯೇ? ಹೊರಡುವ ಮುಂಜಾನೆ ಅಂಗಳದಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ಗಾದಿ ಎತ್ತಿ, ಹಣೆಗೆ ಕುಂಕುಮ ನಿಲ್ಲಲೆಂದು ಹಚ್ಚುವ ಮೇಣವನ್ನು ಉಂಡೆ ಮಾಡಿ ಆ ತೂತಿಗೆ ಒತ್ತಿಬಿಟ್ಟಳು.

ಬೈಲಹೊಂಗಲ ಬಿಟ್ಟು ಒಂದಷ್ಟು ದಾರಿ ಗಾಡಿ ಸರಾಗವಾಗಿ ಓಡಿತು. ಆಮೇಲೆ ಕೆಮ್ಮಿತು, ಎಗರಿತು, ಜೋಳದ ಹೊಲವೊಂದರ ಪಕ್ಕ ನಿಂತೇಬಿಟ್ಟಿತು. ಡ್ರೈವರ್ ಬೀರಪ್ಪ ಮುಚ್ಚಳ ತಿರುವಿ ತೆಗೆದು ಟಾಕಿಯೊಳಗೆ ಕಡ್ಡಿ ಇಳಿಬಿಟ್ಟು ನೋಡಿದ.

“ಪೆಟ್ರೋಲ ಭರಪೂರ ಐತ್ರಿ ಅವ್ವಾರ,” ಎಂದು ಮತ್ತೆ ಮುಚ್ಚಿ, ಎಂಜಿನ್ ಚಾಲೂ ಮಾಡಲು ಮುಂದಿನ ಹ್ಯಾಂಡಲ್ ಹೊಡೆದ. ಗಾಡಿ ಏನೂ ಆಗಿಲ್ಲವೆಂಬಂತೆ ಹೊರಟಿತು. ಮೇಣ ಅವನ ಕಣ್ಣಿಗೆ ಬೀಳಲಿಲ್ಲವೆಂದು ಕೃಷ್ಣವ್ವ ಸಮಾಧಾನಪಟ್ಟಳು.

ಮುನವಳ್ಳಿಯ ಹತ್ತಿರ ಮಲಪ್ರಭೆಯನ್ನು ದಾಟುವ ಜಾಗದಲ್ಲಿ ನೀರು ಮೊಣಕಾಲಿಗೂ ಕಡಿಮೆಯಿತ್ತು. ಮುಂದೆ ಹೋದ ಚಕ್ಕಡಿಗಳ ಜಾಡು ಹಿಡಿದು ಬೀರಪ್ಪ ಗಾಡಿ ಇಳಿಸಿದ. ನಟ್ಟನಡುವೆ ಅದು ಮತ್ತೆ ಕೆಮ್ಮಿ ನಿಂತಿತು.

ಎಂಜಿನ್ನಿನ ಸದ್ದು ಅಡಗಿದ ಮೇಲೆ ಹೊಳೆಯ ಸದ್ದು ಕೇಳಿಸಿತು. ಪಡುವಣದಲ್ಲಿ, ಖಾನಾಪುರದ ಕಡೆ, ಆಕಾಶ ಕಾಡಿಗೆ ಬಳಿದಂತಿತ್ತು.

ಬೀರಪ್ಪ ನೀರಿಗಿಳಿದು ಎಂಜಿನ್ನಿಗೆ ಹೋಗುವ ನಳಿಗೆಯನ್ನು ಬಿಚ್ಚಿದ. ಪೆಟ್ರೋಲು ಎರಡು ಹನಿ ತೊಟ್ಟಿಕ್ಕಿ ನಿಂತುಹೋಯಿತು. ನಳಿಗೆಗೆ ಬಾಯಿಟ್ಟು ಊದಿದ. ಗಾಳಿ ಸಲೀಸಾಗಿ ಆಚೆ ಹೋಯಿತು.

“ನಳಿಗಿ ಚೊಕ್ಕ ಐತಿ. ಟಾಕಿ ತುಂಬೇತಿ. ಆದ್ರ ಇಳ್ಯಾಕ ಒಲ್ಲದಲ್ರೀ!” ಎಂದ.

ಆಚೆ ದಂಡೆಯಲ್ಲಿ ಎಮ್ಮೆ ಮೈತೊಳೆಯುತ್ತಿದ್ದವನೊಬ್ಬ ದಡಬಡಿಸಿ ಎಮ್ಮೆಗಳನ್ನು ಮೇಲೆ ಹೊಡೆಯತೊಡಗಿದ. ಕೈ ಬೀಸಿ ಕೂಗಿದ: “ಹೊಳಿ ಬರಾಕ ಹತ್ತೇತಿ! ಗಾಡಿ ಬಿಟ್ಟು ಬರ್ರ್ಯೋ!”

ಕೃಷ್ಣವ್ವ ಕೆಳಗೆ ನೋಡಿದಳು. ತಿಳಿಯಾಗಿದ್ದ ನೀರು ಕೆಂಪಗಾಗಿತ್ತು. ಅದರ ಮೇಲೆ ನೊರೆ, ಕಸಕಡ್ಡಿ, ಬೇರುಸಹಿತ ಕಿತ್ತು ಬಂದ ಒಂದು ಗಿಡ. ಚಕ್ರದ ನಡುವಿನ ಗುಂಬ ಆಗಲೇ ಮುಳುಗಿತ್ತು.

“ನೀ ನಡಿ ಕೃಷ್ಣಾ,” ಎಂದಳು ಬಾಯವ್ವ. “ನನ್ನ ಕಾಲು ಈ ನೀರಾಗ ನಿಲ್ಲೂದಿಲ್ಲ. ನೀ ದಂಡಿಗಿ ಹೋಗು. ಎಲ್ಲವ್ವ ತಾಯೀ, ಈ ಹುಡುಗೀನ್ನ ದಾಟಸವ್ವಾ.”

ಬೀರಪ್ಪ ಹಣೆ ಬಡಿದುಕೊಂಡ. “ಆಗ ಮುಚ್ಚಳ ತಗದು ನೋಡಿದ್ನಿ, ಹಾಕಿದ್ನಿ, ಚಾಲೂ ಆತು. ಮತ್ತೇನೂ ಮಾಡಿಲ್ರಿ ನಾನು!”

ಮುಚ್ಚಳವೆಂಬ ಮಾತು ಕಿವಿಗೆ ಬಿದ್ದದ್ದೇ ಕೃಷ್ಣವ್ವನಿಗೆ ತಾನು ಒತ್ತಿದ ಮೇಣ ನೆನಪಾಯಿತು. ಹೇಳಿದರೆ ಯಾಕೆಂದು ಕೇಳುತ್ತಾರೆ. ಅತ್ತೆಯನ್ನು ಹೊಳೆಗೆ ಕೊಡಲು ಹೊರಟವಳೆಂದು ಊರೆಲ್ಲ ಆಡಿಕೊಳ್ಳುತ್ತದೆ. ಬಾಯವ್ವ ಅವಳ ಭುಜ ಹಿಡಿದು ಬಾಗಿಲ ಕಡೆ ನೂಕುತ್ತಿದ್ದಳು. ಕಾಲಡಿಯ ಹಲಗೆಯ ಸಂದಿನಿಂದ ಕೆಂಪು ನೀರು ಜಿನುಗಿತು.

“ಬೀರಪ್ಪಣ್ಣಾ!” ಎಂದು ಅವಳು ಚೀರಿಯೇಬಿಟ್ಟಳು. “ಮುಚ್ಚಳದಾಗ ತೂತ ಇತ್ತಲ್ಲ, ಅದಕ್ಕ ನಾ ಮೇಣ ತುಂಬೇನಿ!”

ಬೀರಪ್ಪ ಒಂದು ಗಳಿಗೆ ಅವಳನ್ನೇ ನೋಡಿದ. ಮರುಗಳಿಗೆ ಗಾದಿ ಕಿತ್ತೆಸೆದು ಮುಚ್ಚಳ ತಿರುವಿದ. ಟಾಕಿ ಸುಂಯ್ ಎಂದು ಗಾಳಿ ಎಳೆದುಕೊಂಡಿತು. ಬಿಚ್ಚಿಟ್ಟ ನಳಿಗೆಯ ಬಾಯಿಂದ ಪೆಟ್ರೋಲು ಧಾರೆಯಾಗಿ ಸುರಿಯಿತು.

“ಒಳಗ ಗಾಳಿ ಹೋಗದ ಹ್ಯಾಂಗ ಇಳದೀತ್ರೀ!” ಎನ್ನುತ್ತ ನಳಿಗೆ ಸಿಕ್ಕಿಸಿದ. ಮುಚ್ಚಳ ಹಾಕಲೇ ಇಲ್ಲ. ಟಾಕಿಯ ಬಾಯಿಗೆ ತನ್ನ ರುಮಾಲಿನ ತುದಿಯನ್ನು ಸಡಿಲಾಗಿ ಹೊದಿಸಿ ಹ್ಯಾಂಡಲ್ ಹೊಡೆದ. ಒಂದು ಸಲ, ಏನೂ ಇಲ್ಲ. ಇನ್ನೊಂದು ಸಲ, ಕೆಮ್ಮು. ನೀರು ಅವನ ತೊಡೆ ಮುಟ್ಟಿತ್ತು. ಕೃಷ್ಣವ್ವ ಕಣ್ಣು ಮುಚ್ಚಿದಳು. ಎಂಜಿನ್ ಗುಡುಗಿದ ಮೇಲೂ ತೆರೆಯಲಿಲ್ಲ. ಗಾಡಿ ಜಾರಿತು, ವಾಲಿತು, ಕಲ್ಲಿಗೆ ಬಡಿಯಿತು. ಕಡೆಗೆ ಮೂತಿ ಎತ್ತಿ ದಂಡೆ ಏರಿತು.

ಹಿಂತಿರುಗಿ ನೋಡಿದಾಗ ಗಾಡಿ ನಿಂತಿದ್ದ ಜಾಗದಲ್ಲಿ ಒಂದು ಇಡೀ ಜಾಲಿಮರ ಹೊರಳುತ್ತ ಹೋಗುತ್ತಿತ್ತು.

ಬೀರಪ್ಪ ನೆಲಕ್ಕೆ ಕುಸಿದು ಕುಳಿತ. “ಮೂರು ಜೀವ ಹೋಗತಿದ್ವಲ್ರೀ ಅಕ್ಕಾರ,” ಎಂದ. ಸಿಟ್ಟಿನಿಂದಲೇ ಅಂದ. ಕೃಷ್ಣವ್ವ ಉತ್ತರ ಕೊಡಲು ಬಾಯಿ ತೆರೆದಳು. ಅಲ್ಲೇ ಬಾಗಿ ವಾಂತಿ ಮಾಡಿದಳು.

ಬಾಯವ್ವ ಕುಂಟುತ್ತ ಇಳಿದು ಬಂದು ಅವಳ ಹಣೆ ಹಿಡಿದುಕೊಂಡಳು. ಸೆರಗಿನಿಂದ ಬಾಯಿ ಒರೆಸಿದಳು. ಆಮೇಲೆ ಮೆಲ್ಲಗೆ, “ಎಂದಿನಿಂದ?” ಎಂದಳು.

“ಒಂದೂವರಿ ತಿಂಗಳಾತ್ರಿ ಅತ್ತಿ. ಈ ಸಲಾನೂ ಹೋದ್ರ ಅಂತ ಅಂಜಿದ್ನಿ.”

“ನನಗೂ ಹೇಳಲಿಲ್ಲ?”

“ಘಾಟಿಗೆ ವಾಂತಿ ಆದ್ರ ನಿಮಗ ಗೊತ್ತಾಗತೈತಿ ಅಂತನ ಮೇಣ ತುಂಬಿದ್ನಿ,” ಎಂದಳು ಕೃಷ್ಣವ್ವ.

ಬಾಯವ್ವ ಮತ್ತೆ ಮೋಟಾರು ಹತ್ತಲಿಲ್ಲ, ಸೊಸೆಯನ್ನು ಹತ್ತಗೊಡಲೂ ಇಲ್ಲ. ಎಮ್ಮೆಯವನ ಚಕ್ಕಡಿಗೆ ಹುಲ್ಲು ಹಾಸಿ ಅವಳನ್ನು ಮಲಗಿಸಿಕೊಂಡು ಸವದತ್ತಿಗೆ ಹೊರಟಳು. ಗಾಲಿ ಕುಲುಕಿದಾಗಲೆಲ್ಲ “ನೋವಾತೇನು?” ಎಂದು ಕೇಳುತ್ತಿದ್ದಳು. ಇಲ್ಲವೆನ್ನುತ್ತಿದ್ದಳು ಕೃಷ್ಣವ್ವ, ಹಾಗೆ ಹೇಳಿದ ಮೇಲೆ ಒಳಗೆ ಎಲ್ಲಿಯಾದರೂ ನೋವಿದೆಯೇ ಎಂದು ಉಸಿರು ಹಿಡಿದು ಹುಡುಕುತ್ತಿದ್ದಳು. ಬೇಸಿಗೆಯಲ್ಲಿ ಹೆಣ್ಣು ಕೂಸು ಹುಟ್ಟಿ ಅತ್ತ ಮೇಲಷ್ಟೇ ಆ ಹುಡುಕಾಟ ಅವಳನ್ನು ಬಿಟ್ಟಿತು.